ಕಳ್ಳರನ್ನು ಹೆದರಿಸಲು ಬಳಿದ ನೀಲಿ

1882ರ ಅಕ್ಟೋಬರ್ ಮುಗಿಯುತ್ತಾ ಬಂದಿತ್ತು. ಫ್ರಾನ್ಸಿನ ಬೋರ್ಡೋ ನಗರದಿಂದ ಉತ್ತರಕ್ಕೆ, ಮೆದೊಕ್ ಸೀಮೆಯ ಸ್ಯಾನ್ ಜೂಲಿಯನ್ ಊರಿನ ದ್ರಾಕ್ಷಿತೋಟಗಳ ನಡುವಿನ ದಾರಿಯಲ್ಲಿ ಅಲೆಕ್ಸಿ ಮಿಲಾರ್ಡೆ ನಡೆದು ಹೋಗುತ್ತಿದ್ದರು. ಬೋರ್ಡೋ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರಿಗೆ ಆ ವರ್ಷ ತೋಟಗಳ ಕಡೆ ಕಣ್ಣು ಹಾಯಿಸುವುದೇ ಸಂಕಟವಾಗಿತ್ತು. ಹಣ್ಣು ಕೊಯ್ದ ಮೇಲೂ ಬಳ್ಳಿಯಲ್ಲಿ ಕೆಲವು ವಾರ ಎಲೆ ನಿಲ್ಲಬೇಕು. ಎಲೆ ನಿಂತರೆ ಮಾತ್ರ ಬಳ್ಳಿ ಬರುವ ವರ್ಷಕ್ಕೆ ಕಸುವು ಕೂಡಿಟ್ಟುಕೊಳ್ಳುತ್ತದೆ. ಆದರೆ ಎತ್ತ ನೋಡಿದರೂ ಬೋಳು ಕಡ್ಡಿಗಳೇ ಕಾಣುತ್ತಿದ್ದವು. ಬೂಜುರೋಗ ಎಲೆಯನ್ನೆಲ್ಲ ಎಂದೋ ಉದುರಿಸಿ ಹೋಗಿತ್ತು.

ಆ ಬೋಳು ತೋಟದ ಅಂಚಿನಲ್ಲಿ ಮಾತ್ರ ಒಂದು ಹಸಿರು ಪಟ್ಟಿ ಉಳಿದಿತ್ತು. ದಾರಿಗೆ ತಾಗಿದ ಸಾಲುಗಳ ಬಳ್ಳಿಗಳು ಎಲೆ ಹೊತ್ತುಕೊಂಡೇ ನಿಂತಿದ್ದವು. ಅದೇ ಮಣ್ಣು, ಅದೇ ಮಳೆ, ಅದೇ ಯಜಮಾನನ ತೋಟ. ಮಿಲಾರ್ಡೆ ನಿಂತರು, ಎಲೆಗಳನ್ನು ಹಿಡಿದು ನೋಡಿದರು. ಎಲೆಯ ಮೇಲ್ಮೈಯಲ್ಲಿ ನಸುನೀಲಿ ಬೆರೆತ ಬಿಳಿ ಪುಡಿ ತೆಳ್ಳಗೆ ಒಣಗಿ ಕೂತಿತ್ತು. ಆ ದಾರಿಯಲ್ಲಿ ಓಡಾಡಿದವರೆಲ್ಲ ಆ ಪುಡಿಯನ್ನು ಕಂಡಿದ್ದರು. ಕಾಣಲಿ ಎಂದೇ ಅದನ್ನು ಚಿಮುಕಿಸಿದ್ದರು.

ಬೊಕಾಯು ಎಂಬ ತೋಟದ ಬಂಗಲೆ ತಲುಪಿದ ಕೂಡಲೇ ಅವರು ಅಲ್ಲಿನ ತೋಟದ ಮೇಲ್ವಿಚಾರಕ ಅರ್ನೆಸ್ಟ್ ದಾವಿದ್ ಅವರನ್ನು ವಿಚಾರಿಸಿದರು. ದಾವಿದ್ ಕೊಟ್ಟ ಉತ್ತರಕ್ಕೂ ರೋಗಕ್ಕೂ ಸಂಬಂಧವೇ ಇರಲಿಲ್ಲ. ಹಣ್ಣು ಮಾಗುವ ಹೊತ್ತಿಗೆ ದಾರಿಹೋಕರು ಗೊಂಚಲಿಗೆ ಕೈ ಹಾಕುತ್ತಿದ್ದರು. ಅವರನ್ನು ತಡೆಯಲು ಮೆದೊಕ್‌ನ ತೋಟದವರು ದಾರಿಬದಿಯ ಬಳ್ಳಿಗಳ ಮೇಲೆ ತಾಮ್ರದ ಕಿಲುಬನ್ನೋ, ಸುಣ್ಣದಲ್ಲಿ ಕಲಸಿದ ಮೈಲುತುತ್ತವನ್ನೋ ಎರಚುವ ವಾಡಿಕೆ ಇತ್ತು. ನೀಲಿ ಕಲೆ ಕಂಡವರು ವಿಷವೆಂದುಕೊಂಡು ಹಣ್ಣು ಮುಟ್ಟುತ್ತಿರಲಿಲ್ಲ. ಒಳಗಿನ ಸಾಲುಗಳವರೆಗೆ ಕಳ್ಳ ನುಗ್ಗುವುದು ಅಪರೂಪವಾದ್ದರಿಂದ ಅಲ್ಲಿಗೆ ಎರಚುವ ಗೋಜಿಗೆ ಯಾರೂ ಹೋಗಿರಲಿಲ್ಲ.

ಮಿಲಾರ್ಡೆ ಹಲವು ವರ್ಷಗಳಿಂದ ಆ ಬೂಜಿನ ಬೆನ್ನು ಹತ್ತಿದ್ದವರು. ಅದು ಬಂದ ಬಗೆ ಅವರಿಗೆ ಚೆನ್ನಾಗಿ ಗೊತ್ತಿತ್ತು. 1860ರ ದಶಕದಲ್ಲಿ ದಕ್ಷಿಣ ಫ್ರಾನ್ಸಿನ ಬಳ್ಳಿಗಳು ಕಾರಣ ತಿಳಿಯದೆ ಒಣಗತೊಡಗಿದ್ದವು. 1868ರ ಜುಲೈನಲ್ಲಿ ಮೋಂಪೆಲಿಯೆಯ ಸಸ್ಯಶಾಸ್ತ್ರಜ್ಞ ಪ್ಲಾಂಶೋನ್ ಮತ್ತು ಜೊತೆಯವರು ಸತ್ತ ಬಳ್ಳಿಗಳನ್ನು ಕಿತ್ತು ಕಿತ್ತು ನೋಡಿದರೂ ಬೇರಿನಲ್ಲಿ ಏನೂ ಸಿಕ್ಕಿರಲಿಲ್ಲ. ಯಾರದೋ ಗುದ್ದಲಿ ಗೊತ್ತಿಲ್ಲದೆ ಇನ್ನೂ ಚೆನ್ನಾಗಿದ್ದ ಬಳ್ಳಿಯೊಂದಕ್ಕೆ ಬಿತ್ತು. ಅದರ ಬೇರಿನ ತುಂಬ ಹಳದಿ ಹೇನುಗಳಿದ್ದವು. ಬಳ್ಳಿ ಸತ್ತ ಮೇಲೆ ಹೇನು ಪಕ್ಕದ ಬಳ್ಳಿಗೆ ಹೋಗಿಬಿಡುತ್ತಿತ್ತು. ಅಪರಾಧಿ ಜಾಗ ಬಿಟ್ಟ ಮೇಲೆ ಎಲ್ಲರೂ ಹೆಣವನ್ನೇ ಪರೀಕ್ಷಿಸುತ್ತಿದ್ದರು. ಫಿಲಾಕ್ಸೆರಾ ಎಂಬ ಆ ಹೇನು ಅಮೆರಿಕದಿಂದ ಬಂದಿತ್ತು. ಅಮೆರಿಕದ ಕಾಡುಬಳ್ಳಿಗಳ ಬೇರು ಅದನ್ನು ತಡೆದುಕೊಳ್ಳುತ್ತಿದ್ದುದರಿಂದ ಅವುಗಳ ಮೇಲೆ ಫ್ರೆಂಚ್ ಬಳ್ಳಿಯನ್ನು ಕಸಿ ಕಟ್ಟುವ ಉಪಾಯ ಹೊಳೆಯಿತು. ಹಡಗುಗಟ್ಟಲೆ ಅಮೆರಿಕದ ಕಡ್ಡಿಗಳು ಬಂದವು. ಅವುಗಳ ಜೊತೆ ಬೂಜೂ ಬಂತು. 1878ರಲ್ಲಿ ಅದು ಫ್ರಾನ್ಸಿನಲ್ಲಿ ಕಾಣಿಸಿಕೊಂಡಿತು. 1879ರಲ್ಲಿ ಆಲ್ಪ್ಸ್ ದಾಟಿ ಇಟಲಿಯಲ್ಲಿತ್ತು. ಮೊದಲನೆಯ ಪೀಡೆಗೆ ತಂದ ಮದ್ದಿನಲ್ಲೇ ಎರಡನೆಯ ಪೀಡೆ ಅಡಗಿ ಬಂದಿತ್ತು. ಅಮೆರಿಕದ ಬಳ್ಳಿಗಳ ಪರವಾಗಿ ದುಡಿದವರಲ್ಲಿ ಮಿಲಾರ್ಡೆಯೂ ಒಬ್ಬರಾಗಿದ್ದರು. ಅವರು ಆ ನೀಲಿ ಕಲೆಯನ್ನು ಅಷ್ಟು ಹಠದಿಂದ ಹಿಡಿದುಕೊಂಡದ್ದಕ್ಕೆ ಇದೂ ಒಂದು ಕಾರಣವಿರಬೇಕು.

ದಾವಿದ್ ಅವರ ಮಾತು ಕೇಳಿ ಬಂದ ಮಿಲಾರ್ಡೆಗೆ ಇನ್ನೊಂದು ಆಕಸ್ಮಿಕ ನೆರವಾಯಿತು. ಬೂಜಿನ ಬೀಜಕಣಗಳನ್ನು ನೀರಿನಲ್ಲಿ ಹಾಕಿ ಮೊಳೆಯಿಸಿ, ಸೂಕ್ಷ್ಮದರ್ಶಕದಡಿ ಇಟ್ಟು ನೋಡುವುದು ಅವರ ನಿತ್ಯದ ಕೆಲಸವಾಗಿತ್ತು. ಬೇರೆ ನೀರಿನಲ್ಲಿ ಸಲೀಸಾಗಿ ಮೊಳೆಯುತ್ತಿದ್ದ ಕಣಗಳು ಅವರ ಮನೆಯ ಬಾವಿಯ ನೀರಿನಲ್ಲಿ ಮಾತ್ರ ಜಪ್ಪಯ್ಯ ಎಂದರೂ ಮೊಳೆಯಲಿಲ್ಲ. ನೀರನ್ನು ಪರೀಕ್ಷಿಸಿದಾಗ ಅದರಲ್ಲಿ ತಾಮ್ರದ ಅಂಶ ಕಂಡುಬಂತು. ಬಾವಿಗೆ ಹಾಕಿದ್ದ ಹಳೆಯ ತಾಮ್ರದ ಪಂಪಿನಿಂದ ಅದು ಕರಗಿ ಬರುತ್ತಿತ್ತು. ಕಣ್ಣಿಗೂ ಕಾಣದ, ನಾಲಿಗೆಗೂ ತಿಳಿಯದ ಅಷ್ಟು ಕಡಿಮೆ ತಾಮ್ರ ಬೂಜಿನ ಬೀಜವನ್ನು ಕೊಲ್ಲುತ್ತಿತ್ತು.

ಈ ಸಂಗತಿಯ ಹತ್ತಿರಕ್ಕೆ ಒಬ್ಬರು ಎಪ್ಪತ್ತೈದು ವರ್ಷ ಮೊದಲೇ ಬಂದಿದ್ದರು ಎಂಬುದು ಈ ಕತೆಯಲ್ಲಿ ಮನಸ್ಸು ಕಲಕುವ ಭಾಗ. ಮೋಂತೋಬಾನ್ ಪಟ್ಟಣದ ಬೆನೆದಿ ಪ್ರೆವೋ ಎಂಬ ಅಧ್ಯಾಪಕರು ಗೋಧಿಯ ಕಾಡಿಗೆ ರೋಗದ ಕಣಗಳು ತಾಮ್ರ ತಾಗಿದ ನೀರಿನಲ್ಲಿ ಮೊಳೆಯುವುದಿಲ್ಲವೆಂದು ಕಂಡುಕೊಂಡು, ಬಿತ್ತನೆ ಬೀಜಕ್ಕೆ ಮೈಲುತುತ್ತದ ನೀರು ತೋರಿಸಿದರೆ ರೋಗ ನಿಲ್ಲುತ್ತದೆಂದು 1807ರಲ್ಲೇ ಅಚ್ಚು ಹಾಕಿಸಿದ್ದರು. ಕಣ್ಣಿಗೆ ಕಾಣದ ಜೀವಿಯೊಂದು ಗಿಡಕ್ಕೆ ರೋಗ ತರುತ್ತದೆ ಎನ್ನುವುದನ್ನೇ ಆ ಕಾಲದ ಪಂಡಿತರು ಒಪ್ಪಲಿಲ್ಲ. ಪ್ರೆವೋ ಅವರ ಪುಸ್ತಕ ಧೂಳು ತಿನ್ನುತ್ತಾ ಕೂತಿತು. 1845ರಿಂದ ಐರ್ಲೆಂಡಿನ ಆಲೂಗಡ್ಡೆ ಕೊಳೆತು ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಆಲೂಗಡ್ಡೆಯ ಆ ರೋಗವೂ ತಾಮ್ರಕ್ಕೆ ಬಗ್ಗುವಂಥದ್ದೇ ಆಗಿತ್ತು.

ಮಿಲಾರ್ಡೆ 1883ರಿಂದ ಪ್ರಯೋಗಕ್ಕೆ ಇಳಿದರು. ತಾಮ್ರ, ಕಬ್ಬಿಣ, ಸುಣ್ಣ ಹೀಗೆ ಒಂದೊಂದನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಬಳ್ಳಿಗೆ ಎರಚಿ ನೋಡಿದರು. ಬರಿಯ ಮೈಲುತುತ್ತದ ನೀರು ಎಲೆಯನ್ನೇ ಸುಟ್ಟಿತು. ಬರಿಯ ಸುಣ್ಣ ರೋಗವನ್ನು ಸಾಕಷ್ಟು ತಡೆಯಲಿಲ್ಲ. ತೋಟದ ಪ್ರಯೋಗಕ್ಕೆ ಇನ್ನೊಂದು ತೊಡಕಿತ್ತು. ಮಳೆ ಕಡಿಮೆಯಾಗಿ ರೋಗವೇ ಬಾರದಿದ್ದರೆ ಎರಚಿದ ಸಾಲಿಗೂ ಎರಚದ ಸಾಲಿಗೂ ವ್ಯತ್ಯಾಸ ಕಾಣದು. ವರ್ಷವಿಡೀ ಪಟ್ಟ ಪಾಡೆಲ್ಲ ವ್ಯರ್ಥ. ಊರಿನವರೆಲ್ಲ ರೋಗ ಬಾರದಿರಲಿ ಎಂದು ಹರಸಿಕೊಳ್ಳುವಾಗ ಅವರು ರೋಗಕ್ಕಾಗಿ ಕಾಯಬೇಕಾಗಿತ್ತು. ಲೂಯಿ ಪಾಸ್ಟರ್ ಅವರ ಬಳಿ ಪಳಗಿದ್ದ ರಸಾಯನಶಾಸ್ತ್ರಜ್ಞ ಉಲೀಸ್ ಗೇಯೋನ್ ಜೊತೆ ಸೇರಿದರು. ಬೊಕಾಯು ಮತ್ತು ದೊಜಾಕ್ ತೋಟಗಳ ಒಡೆಯ ನಥಾನಿಯಲ್ ಜಾನ್‌ಸ್ಟನ್ ತಮ್ಮ ಬಳ್ಳಿಗಳನ್ನು ಪ್ರಯೋಗಕ್ಕೆ ಬಿಟ್ಟುಕೊಟ್ಟರು. ದಾವಿದ್ ಆಳುಗಳನ್ನು ಹಚ್ಚಿ ಕೆಲಸ ಮಾಡಿಸಿದರು.

1885ರಲ್ಲಿ ಪಾಕ ಕೂಡಿಬಂತು. 100 ಲೀಟರ್ ನೀರಿನಲ್ಲಿ 8 ಕಿಲೋ ಮೈಲುತುತ್ತ ಕರಗಿಸುವುದು. 30 ಲೀಟರ್ ನೀರಿನಲ್ಲಿ 15 ಕಿಲೋ ಸುಟ್ಟ ಸುಣ್ಣವನ್ನು ಅರಳಿಸುವುದು. ಎರಡನ್ನೂ ಕೂಡಿಸಿ ಕದಡುವುದು. ನೀಲಿ ಬಣ್ಣದ ಗಂಜಿಯಂಥ ದ್ರವ ಸಿದ್ಧವಾಗುತ್ತಿತ್ತು. ಆಳುಗಳು ಅದರ ಪಾತ್ರೆಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯ ಸಣ್ಣ ಪೊರಕೆಯಿಂದ ಎಲೆಗಳ ಮೇಲೆ ಚಿಮುಕಿಸುತ್ತಾ ಸಾಲಿನಿಂದ ಸಾಲಿಗೆ ಸಾಗಿದರು. ಆ ವರ್ಷ ಬೂಜು ಚೆನ್ನಾಗಿಯೇ ಬಂತು. ಅಕ್ಟೋಬರ್ ಬಂದಾಗ ಮದ್ದು ಕಂಡ ಸಾಲುಗಳು ಹಸಿರಾಗಿದ್ದವು, ಕಾಣದ ಸಾಲುಗಳು ಬೋಳಾಗಿದ್ದವು. ನೋಡಲು ಬಂದವರಿಗೆ ಯಾರೂ ಏನನ್ನೂ ವಿವರಿಸಿ ಹೇಳಬೇಕಾಗಿರಲಿಲ್ಲ.

ಆದರೂ ಒಂದು ಪ್ರಶ್ನೆ ಎದುರಿಗೆ ನಿಂತಿತ್ತು. ಇಷ್ಟು ದಿನ ಜನರನ್ನು ವಿಷವೆಂದು ಹೆದರಿಸಲು ಬಳಸಿದ ವಸ್ತುವನ್ನು ಈಗ ಇಡೀ ತೋಟಕ್ಕೆ ಎರಚಿದರೆ ಆ ವೈನನ್ನು ಕುಡಿಯುವವರು ಯಾರು? ಉತ್ತರ ಹುಡುಕುವ ಹೊಣೆ ಗೇಯೋನ್ ಅವರದಾಯಿತು. ಹಣ್ಣು, ರಸ, ಗಸಿ, ವೈನು ಎಲ್ಲವನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿದಾಗ ರಸ ಹುಳಿಯುವ ಹೊತ್ತಿನಲ್ಲಿ ತಾಮ್ರ ಗಸಿಯ ಜೊತೆ ಅಡಿಗೆ ಇಳಿಯುತ್ತದೆಂದು ತಿಳಿಯಿತು. ತಿಳಿಯಾದ ವೈನಿನಲ್ಲಿ ಉಳಿದದ್ದು ಹೆಸರಿಗೆ ಮಾತ್ರ.

ಅದೇ ಹೊತ್ತಿಗೆ ಇಟಲಿಯ ಈಶಾನ್ಯದ ವೆನೆತೊ ಸೀಮೆಯಲ್ಲಿ ಇನ್ನೊಂದು ಹಟದ ಹೋರಾಟ ನಡೆದಿತ್ತು. ಇಂದು ಪ್ರೊಸೆಕ್ಕೊ ಎಂಬ ಬುರುಗಿನ ವೈನಿಗೆ ಹೆಸರಾದ ಕೊನೆಲ್ಯಾನೊ ಸುತ್ತಿನ ನೆಲ ಅದು. ಬಡಗಣಕ್ಕೆ ಆಲ್ಪ್ಸ್, ತೆಂಕಣಕ್ಕೆ ಏಡ್ರಿಯಾಟಿಕ್ ಕಡಲು. ನಡುವೆ ಒಂದರ ಹಿಂದೆ ಒಂದು ನಿಂತ ಕಡಿದಾದ ಗುಡ್ಡಗಳು. ಬೆಟ್ಟದ ತಂಪೂ ಕಡಲಿನ ಒದ್ದೆ ಗಾಳಿಯೂ ಸಂಧಿಸುವ ಅಲ್ಲಿ ವರ್ಷಕ್ಕೆ 1,000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ, ಬೇಸಿಗೆಯಲ್ಲೂ ಬಿಡುವುದಿಲ್ಲ. ಗ್ಲೇರಾ ಎಂಬ ಬಿಳಿ ದ್ರಾಕ್ಷಿಯ ಹುಳಿಯೂ ಘಮವೂ ಆ ತಂಪಿನ ಕೊಡುಗೆ. ಬೂಜಿಗೂ ಅದೇ ತಂಪು, ಅದೇ ಒದ್ದೆ ಹಿತ. ತಾಪ 10 ಡಿಗ್ರಿ ದಾಟಿ, ಚಿಗುರು 10 ಸೆಂಟಿಮೀಟರ್ ಬೆಳೆದು, ಒಂದೆರಡು ದಿನದಲ್ಲಿ 10 ಮಿಲಿಮೀಟರ್ ಮಳೆ ಬಿದ್ದರೆ ಬೂಜು ಬಂತೆಂದೇ ಲೆಕ್ಕ ಎಂಬ ಮೂರು ಹತ್ತರ ಸೂತ್ರವನ್ನು ಇಟಲಿಯ ಬೆಳೆಗಾರರು ಇಂದಿಗೂ ಬಾಯಲ್ಲಿ ಇಟ್ಟುಕೊಂಡಿದ್ದಾರೆ.

ಕೊನೆಲ್ಯಾನೊ ಪಟ್ಟಣದಲ್ಲಿ 1876ರಲ್ಲೇ ದ್ರಾಕ್ಷಿ ಮತ್ತು ವೈನಿನ ಶಾಲೆ ಶುರುವಾಗಿತ್ತು. ಇಟಲಿಯಲ್ಲಿ ಅಂಥದ್ದು ಅದೇ ಮೊದಲು. ಅದರ ಹತ್ತಿರದ ತೆತ್ಸೆ ಎಂಬ ಹಳ್ಳಿಯ ಬೆಲ್ಲುಸ್ಸಿ ಸೋದರರು 1885ರಲ್ಲಿ ಬರಿಯ ಸುಣ್ಣದ ಹಾಲನ್ನು ಬಳ್ಳಿಗೆ ಎರಚಿ ಬೂಜನ್ನು ತಡೆದೆವೆಂದರು. ಸುಣ್ಣ ಅಗ್ಗದ ವಸ್ತು, ಪ್ರತಿ ಹಳ್ಳಿಯಲ್ಲೂ ಸಿಗುವಂಥದ್ದು. ಸುದ್ದಿ ಇಟಲಿಯುದ್ದಕ್ಕೂ ಓಡಿತು. ಕೆಲವು ಕಾಲ ಯೂರೋಪಿನ ಬೆಳೆಗಾರರ ಮುಂದೆ ಎರಡು ದಾರಿಗಳಿದ್ದವು: ಬೋರ್ಡೋದ ನೀಲಿ ಮತ್ತು ವೆನೆತೊದ ಬಿಳಿ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ಸುಣ್ಣ ಹಿಂದೆ ಬಿತ್ತು. ತಾಮ್ರವಿಲ್ಲದೆ ಕೆಲಸ ಪೂರ್ತಿಯಾಗುತ್ತಿರಲಿಲ್ಲ. ಆದರೆ ಬೆಲ್ಲುಸ್ಸಿ ಸೋದರರು ಸುಮ್ಮನೆ ಕೂರುವವರಾಗಿರಲಿಲ್ಲ. ಅವರು ಬಳ್ಳಿಯನ್ನು ನೆಲದ ಒದ್ದೆಯಿಂದಲೇ ದೂರ ಎತ್ತಿಬಿಟ್ಟರು. ಎತ್ತರದ ಕಂಬಗಳ ತುದಿಯಿಂದ ನಾಲ್ಕೂ ದಿಕ್ಕಿಗೆ ತಂತಿ ಎಳೆದು, ಆಳೆತ್ತರಕ್ಕಿಂತ ಮೇಲೆ ಬಳ್ಳಿ ಹಬ್ಬಿಸುವ ಅವರ ಚಪ್ಪರಕ್ಕೆ ಬೆಲ್ಲುಸ್ಸೆರಾ ಎಂದೇ ಹೆಸರು ನಿಂತಿತು. ತಡವಾಗಿ ಮಾಗುವ, ಒಗರು ಹುಳಿ ಎರಡೂ ಜೋರಾಗಿರುವ ರಬೋಸೊ ಎಂಬ ಕೆಂಪು ತಳಿ ಪಿಯಾವೆ ನದಿಯ ಬಯಲಿನಲ್ಲಿ ಆ ಚಪ್ಪರಗಳ ಮೇಲೇ ಬೆಳೆಯಿತು. ಸುಣ್ಣದಲ್ಲಿ ಸೋತವರು ಗಾಳಿಯಲ್ಲಿ ಗೆದ್ದರು ಎನ್ನಬೇಕು.

ಪೊರಕೆಯ ಕಾಲ ಬೇಗ ಮುಗಿಯಿತು. ಫ್ರಾನ್ಸಿನ ವಿಕ್ಟರ್ ವೆರ್ಮೊರೆಲ್ ಮತ್ತಿತರರು ಬೆನ್ನಿಗೆ ಕಟ್ಟಿಕೊಂಡು ಹೊಡೆಯುವ ಪಂಪುಗಳನ್ನು ಮಾಡಿ ಮಾರಿದರು. ಮಂಜಿನಷ್ಟು ಸಣ್ಣಗೆ ಬಿದ್ದ ಮದ್ದಿಗೆ ಮೈಲುತುತ್ತವೂ ಕಡಿಮೆ ಸಾಕಾಯಿತು. ಸುಣ್ಣದ ಪ್ರಮಾಣವನ್ನೂ ಇಳಿಸುತ್ತಾ ಬಂದು, ಕೊನೆಗೆ 100 ಲೀಟರ್ ನೀರಿಗೆ 1 ಕಿಲೋ ತುತ್ತ, 1 ಕಿಲೋ ಸುಣ್ಣ ಎಂಬ ಸುಲಭ ಲೆಕ್ಕ ನೆಲೆಯಾಯಿತು. ಕನ್ನಡನಾಡಿನ ತೋಟಗಳಲ್ಲಿ ಶೇಕಡ ಒಂದರ ಬೋರ್ಡೋ ಎನ್ನುವುದು ಇದನ್ನೇ.

ಈ ನೀಲಿ ದ್ರಾವಣ ಮೈಸೂರು ಸೀಮೆಯಲ್ಲಿ ಹೆಸರು ಮಾಡಿದ್ದು ಅಡಿಕೆಯಿಂದ.

1908ರಲ್ಲಿ ಲೆಸ್ಲಿ ಕೋಲ್ಮನ್ ಎಂಬ ಮೂವತ್ತರ ಹರೆಯದ ಕೆನಡಾದವರು ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿದರು. ಟೊರಾಂಟೊದಲ್ಲಿ ಓದಿ, ಜರ್ಮನಿಯ ಗೋಟಿಂಗೆನ್‌ನಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳ ಮೇಲೆ ಕೆಲಸ ಮಾಡಿ ಡಾಕ್ಟರೇಟ್ ಪಡೆದಿದ್ದರು. ಬೆಳೆಗಳ ರೋಗ ಮತ್ತು ಕೀಟ ಎರಡನ್ನೂ ನೋಡಿಕೊಳ್ಳುವುದು ಅವರ ಹುದ್ದೆ. ಅವರ ಮುಂದೆ ಬಂದ ದೊಡ್ಡ ಮೊರೆ ಮಲೆನಾಡಿನದು. ಮುಂಗಾರು ಕಾಲೂರಿದ ಮೇಲೆ ಅಡಿಕೆ ಗೊನೆಯಲ್ಲಿ ಎಳೆಕಾಯಿಯ ತೊಟ್ಟಿನ ಬಳಿ ನೀರು ಕುಡಿದಂಥ ಕಡುಹಸಿರು ಕಲೆ ಏಳುತ್ತಿತ್ತು. ಕೆಲವೇ ದಿನದಲ್ಲಿ ಕಾಯಿ ಕೊಳೆತು ಉದುರಿ, ಬಿದ್ದಲ್ಲೇ ಬಿಳಿಯ ಬೂಜು ಹೊದೆಯುತ್ತಿತ್ತು. ಒಂದು ಮಳೆಗಾಲದಲ್ಲಿ ಇಡೀ ತೋಟದ ಫಸಲು ಮರದ ಬುಡದಲ್ಲಿ ಬಿದ್ದಿರುವುದನ್ನು ನೋಡಿದ ಮನೆಗಳೆಷ್ಟೋ. ಜನ ಅದನ್ನು ಕೊಳೆರೋಗ ಎಂದರು. ಅವರಿಗೆ ತಿಳಿದಿದ್ದ ಒಂದೇ ಉಪಾಯ ಕೊಟ್ಟೆ ಕಟ್ಟುವುದು: ಮಳೆಗೆ ಮೊದಲೇ ಮರ ಹತ್ತಿ, ಪ್ರತಿಯೊಂದು ಗೊನೆಗೂ ಮಳೆನೀರು ತಾಗದಂತೆ ಹೊದಿಕೆ ತೊಡಿಸಿ ಬಿಗಿಯುವುದು. ಅದು ಫಲ ಕೊಡುತ್ತಿತ್ತು, ಆದರೆ ಸಾವಿರಾರು ಮರಕ್ಕೆ ಕೊಟ್ಟೆ ಕಟ್ಟಿಸುವ ಶಕ್ತಿ ಎಲ್ಲರಿಗೂ ಎಲ್ಲಿಯದು?

ಕೊಳೆತ ಕಾಯಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಕೋಲ್ಮನ್ ಅವರಿಗೆ ಕಂಡದ್ದು ಫೈಟಾಫ್ತೊರ ಕುಲದ ಜೀವಿ. ಪೂಸಾದ ಸಸ್ಯರೋಗ ತಜ್ಞ ಬಟ್ಲರ್ ತಾಳೆ ಜಾತಿಯ ಮರಗಳ ರೋಗಗಳ ಬಗ್ಗೆ 1906ರಲ್ಲೇ ಬರೆದಿದ್ದರು. ಕೋಲ್ಮನ್ ಅಲ್ಲಿಂದ ಮುಂದಕ್ಕೆ ನಡೆದು, ಜೀವಿಯನ್ನು ಬೇರ್ಪಡಿಸಿ, ಅದರಿಂದಲೇ ಒಳ್ಳೆಯ ಕಾಯಿಗೆ ರೋಗ ಬರಿಸಿ, ಅದರ ಬಾಳಿನ ಒಂದೊಂದು ಹಂತವನ್ನೂ ಗುರುತಿಸಿದರು. ಐರ್ಲೆಂಡಿನ ಆಲೂಗಡ್ಡೆಯನ್ನು ಕೊಳೆಯಿಸಿದ್ದು ಅದೇ ಕುಲ. ದ್ರಾಕ್ಷಿಯ ಬೂಜು ಅದರ ಹತ್ತಿರದ ನಂಟ. ಆ ನಂಟು ಹಿಡಿದು ಹೊರಟರೆ ಮದ್ದಿನ ಹೆಸರು ತಾನಾಗಿ ಸಿಗುತ್ತಿತ್ತು. ಆದರೆ ಬೋರ್ಡೋದ ಮಳೆಯೇ ಬೇರೆ, ಮಲೆನಾಡಿನ ಮಳೆಯೇ ಬೇರೆ. ಅಲ್ಲಿ ವರ್ಷವಿಡೀ ಸುರಿದು 900 ಮಿಲಿಮೀಟರ್ ಆಸುಪಾಸು. ಇಲ್ಲಿ ಆಗುಂಬೆಯಂಥ ಕಡೆ 7,000 ಮಿಲಿಮೀಟರ್ ದಾಟುತ್ತದೆ, ಅದರಲ್ಲೂ ಬಹುಪಾಲು ನಾಲ್ಕೇ ತಿಂಗಳಲ್ಲಿ. ನುಣುಪಾದ ಅಡಿಕೆ ಕಾಯಿಯ ಮೇಲೆ ಹೊಡೆದ ಮದ್ದು ಆಷಾಢದ ಜಡಿಮಳೆಗೆ ನಿಲ್ಲುವುದೆಂತು?

ಈ ಒಂದು ಪ್ರಶ್ನೆಯನ್ನು ಬಿಡಿಸಿದ್ದರಲ್ಲೇ ಕೋಲ್ಮನ್ ಅವರ ದೊಡ್ಡತನ ಇದೆ ಎಂದು ಕಾಣುತ್ತದೆ. ಅವರು ರಾಳವನ್ನು ಸೋಡಾದ ಜೊತೆ ಕುದಿಸಿ, ಆ ಅಂಟನ್ನು ಬೋರ್ಡೋ ದ್ರಾವಣಕ್ಕೆ ಸೇರಿಸಿದರು. ಒಣಗಿದ ಮೇಲೆ ಮದ್ದು ಕಾಯಿಗೆ ಕಚ್ಚಿಕೊಂಡು ವಾರಗಟ್ಟಲೆ ಮಳೆಯನ್ನು ತಾಳಿತು. ಮುಂಗಾರು ಹಿಡಿಯುವ ಮೊದಲು ಒಂದು ಸಲ, ಆಮೇಲೆ ನಲವತ್ತು ನಲವತ್ತೈದು ದಿನಕ್ಕೆ ಮಳೆ ಬಿಡುವು ಕೊಟ್ಟಾಗ ಇನ್ನೊಂದು ಸಲ ಹೊಡೆದರೆ ಸಾಕೆಂಬ ಕ್ರಮ ರೂಢಿಗೆ ಬಂತು. ಉಳಿದದ್ದು ಎತ್ತರದ ತೊಡಕು. ಅದಕ್ಕೆ ಮಲೆನಾಡಿನಲ್ಲೇ ಉತ್ತರವಿತ್ತು. ಮರದ ತುದಿಯಲ್ಲಿ ಕುಳಿತು, ಮರವನ್ನೇ ತೂಗಿ ಪಕ್ಕದ ಮರದ ತಲೆ ಹಿಡಿದು ದಾಟುವ ಕೊನೆಗಾರರು ಮದ್ದಿನ ಪಂಪನ್ನೂ ತಮ್ಮ ವಿದ್ಯೆಗೆ ಸೇರಿಸಿಕೊಂಡರು. ಕೆನಡಾದ ವಿಜ್ಞಾನಿಯ ಅಂಟು, ಫ್ರಾನ್ಸಿನ ನೀಲಿ, ಮಲೆನಾಡಿನ ಕೊನೆಗಾರನ ಮೈಚಳಕ ಮೂರೂ ಕೂಡಿದಾಗ ಕೊಳೆರೋಗ ಬಗ್ಗಿತು. 1910ರಲ್ಲಿ ಕೋಲ್ಮನ್ ಅವರ ಕೊಳೆರೋಗದ ವರದಿ ಕೃಷಿ ಇಲಾಖೆಯ ಪುಸ್ತಿಕೆಯಾಗಿ ಹೊರಬಂತು.

ದ್ರಾಕ್ಷಿಯ ಮದ್ದು ಕನ್ನಡನಾಡಿನ ದ್ರಾಕ್ಷಿಯನ್ನೂ ಕಾಯಿತು. ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರಗಳ ಸುತ್ತ ಬೆಳೆಯುವ ಬೆಂಗಳೂರು ಬ್ಲೂ ತಳಿಯಲ್ಲಿ ಅಮೆರಿಕದ ಬಳ್ಳಿಯ ರಕ್ತವಿದೆ. ಅದು ಇಸಬೆಲ್ಲಾ ತಳಿಯ ಬಳಗ. ವೆನೆತೊದ ಹಿತ್ತಿಲುಗಳಲ್ಲೂ ಇಸಬೆಲ್ಲಾ ಬಳ್ಳಿ ಹಬ್ಬಿದೆ. ಬೂಜನ್ನು ತಕ್ಕಮಟ್ಟಿಗೆ ತಾನೇ ತಡೆದುಕೊಳ್ಳುವುದು ಆ ಬಳಗದ ಗುಣ.  ಆದರೆ 1980ರ ದಶಕದ ಕೊನೆಗೆ ದೊಡ್ಡಬಳ್ಳಾಪುರದ ಬಳಿ ಗ್ರೋವರ್ ಕುಟುಂಬ ನೆಟ್ಟ ಫ್ರೆಂಚ್ ತಳಿಗಳಿಗಾಗಲಿ, ಹಂಪಿ ಸುತ್ತಿನ ಬೆಟ್ಟಗಳ ಕೃಷ್ಮಾ ತೋಟದಲ್ಲಿ ಬೆಳೆಯುವ ಇಟಲಿಯ ಸಾಂಜೊವೆಸೆಗಾಗಲಿ ಆ ರಕ್ಷಣೆ ಇಲ್ಲ. ಹಣ್ಣಿಗೆಂದು ಬಳ್ಳಿ ಸವರಿದ ಮೇಲೆ ಹಿಂಗಾರು ಮಳೆ ಹಿಡಿದುಕೊಂಡರೆ ಬೆಳೆಗಾರರು ಡೌನಿ, ಅಂದರೆ ಇದೇ ಬೂಜು, ಬಂತೆಂದು ನಿದ್ದೆಗೆಡುವುದು, ಪಂಪು ಬೆನ್ನಿಗೇರಿಸುವುದು ಇಂದಿಗೂ ನಡೆದಿದೆ.

ಕೋಲ್ಮನ್ ಮುಂದೆ ಸಂಸ್ಥಾನದ ಕೃಷಿ ನಿರ್ದೇಶಕರಾದರು. ಹೆಬ್ಬಾಳದ ಕೃಷಿ ಶಾಲೆ, 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಅವರ ಕಾಲದಲ್ಲಿ ಎದ್ದವು. ಅವರ ಮೈಸೂರಿನ ದುಡಿಮೆಯ ಕೊನೆಯ ಪಾಲು ಸಂದದ್ದು ಇಂದಿನ ಮಂಡ್ಯ ಜಿಲ್ಲೆಗೆ. ಕೃಷ್ಣರಾಜಸಾಗರದ ನೀರು ಇರ್ವಿನ್ ನಾಲೆಯಾಗಿ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯಾಗಿ, ಶ್ರೀರಂಗಪಟ್ಟಣ ಪಾಂಡವಪುರಗಳ ನೆಲ ಹಾದು, ಹುಲಿಕೆರೆಯ ಸುರಂಗ ತೂರಿ ಮಂಡ್ಯದ ಬಯಲಿಗೆ ಇಳಿಯಿತು. ಆ ನೀರಿನಲ್ಲಿ ಕಬ್ಬು, ಭತ್ತ, ಅರೆನೀರಾವರಿ ಬೆಳೆಗಳನ್ನು ಸರದಿಯಂತೆ ಬೆಳೆಯುವ ಏರ್ಪಾಡಿನಲ್ಲೂ, 1933ರಲ್ಲಿ ಹುಟ್ಟಿದ ಮೈಸೂರು ಸಕ್ಕರೆ ಕಂಪನಿಯ ಹಿಂದೆಯೂ ಕೋಲ್ಮನ್ ಅವರ ಕೈ ಇತ್ತು. ಮಂಡ್ಯದ ಜನ ಅವರನ್ನು ಸಕ್ಕರೆಯ ಜೊತೆ ನೆನೆಯುತ್ತಾರೆ. ಅಂದು ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರೇ ಬಳಕೆಯಲ್ಲಿತ್ತು. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ಪಾಳೆಯ ಬಿಟ್ಟಿದ್ದ ಬೆಟ್ಟದ ಅಡಿ ಅದು. ಫ್ರಾನ್ಸಿನ ದ್ರಾಕ್ಷಿತೋಟದ ಮದ್ದನ್ನು ಕನ್ನಡದ ಮರಗಳಿಗೆ ಒಗ್ಗಿಸಿದ ಮನುಷ್ಯ ಫ್ರೆಂಚರ ಹೆಸರು ಹೊತ್ತ ಈ ಸೀಮೆಯ ನಾಲೆಗಾಗಿ ದುಡಿದದ್ದು ಯಾರೂ ಹೂಡಿ ತಂದದ್ದಲ್ಲ, ತಾನಾಗಿ ಕೂಡಿಬಂದದ್ದು. 1934ರಲ್ಲಿ ಅವರು ಸಂಸ್ಥಾನದ ಸೇವೆ ಮುಗಿಸಿದರು, 1954ರಲ್ಲಿ ಕೆನಡಾದಲ್ಲಿ ತೀರಿಕೊಂಡರು.

ತಾಮ್ರ ಬೂಜನ್ನು ಹೇಗೆ ತಡೆಯುತ್ತದೆ ಎಂಬ, ಮಿಲಾರ್ಡೆಯನ್ನು ಕಾಡಿದ ಗುಟ್ಟು ಮುಂದೆ ಬಿಚ್ಚಿಕೊಂಡದ್ದು ಹೀಗೆ. ದ್ರಾಕ್ಷಿಯ ಬೂಜೂ ಅಡಿಕೆಯ ಕೊಳೆಯೂ ನಿಜವಾದ ಶಿಲೀಂಧ್ರಗಳಲ್ಲ. ಪಾಚಿಯ ಕಡೆಗೆ ಹತ್ತಿರದ, ನೀರಿನಲ್ಲಿ ಈಜುವ ಕುಲ. ಮಳೆಯ ಹನಿ ಎಲೆಯ ಮೇಲೆ ನಿಂತಾಗ ಅವುಗಳ ಬೀಜಕೋಶ ಒಡೆದು ಎರಡು ಬಾಲದ ಕಣಗಳು ಈಜಿಕೊಂಡು ಹೊರಬರುತ್ತವೆ. ಆಗ ಅವಕ್ಕೆ ಗಟ್ಟಿ ಹೊದಿಕೆ ಇರುವುದಿಲ್ಲ. ಸುಣ್ಣ ಮೈಲುತುತ್ತವನ್ನು ನೀರಿನಲ್ಲಿ ಸುಲಭಕ್ಕೆ ಕರಗದ ರೂಪಕ್ಕೆ ತಿರುಗಿಸಿ ಎಲೆ ಸುಡದಂತೆ ನೋಡಿಕೊಳ್ಳುತ್ತದೆ. ಹಾಗೆ ಕೂತ ತಾಮ್ರ ಹನಿ ಹನಿಗೂ ಎಳ್ಳಷ್ಟೇ ಕರಗಿ ಕಣದೊಳಗೆ ಹೊಕ್ಕು, ಅದರ ಜೀವಕ್ರಿಯೆ ನಡೆಸುವ ಪ್ರೋಟೀನುಗಳನ್ನು ಕೆಡಿಸುತ್ತದೆ. ಎಲೆಯೊಳಕ್ಕೆ ನುಗ್ಗಿಬಿಟ್ಟ ಕಣವನ್ನು ಮಾತ್ರ ತಾಮ್ರ ಮುಟ್ಟಲಾರದು. ಆದ್ದರಿಂದಲೇ ಮದ್ದು ಮಳೆಗೆ ಮೊದಲು ಬೀಳಬೇಕು. ತಾಮ್ರ ಮಣ್ಣಿನಿಂದ ಹೋಗುವುದಿಲ್ಲ ಎಂಬುದೂ ತಿಳಿಯಿತು. ಯೂರೋಪ್ ಒಕ್ಕೂಟದಲ್ಲಿ ಈಗ ಒಂದು ಹೆಕ್ಟೇರಿಗೆ ಏಳು ವರ್ಷಕ್ಕೆ 28 ಕಿಲೋ ಮೀರಿ ತಾಮ್ರ ಹಾಕುವಂತಿಲ್ಲ.

ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ ಕಾಣುವ ಮಂಡ್ಯ ಜಿಲ್ಲೆಯಲ್ಲಿ ಈಜುವ ಕಣಕ್ಕೆ ಮಲೆನಾಡಿನಷ್ಟು ನೀರು ಸಿಗುವುದಿಲ್ಲ. ಆದರೂ ಮಳೆನೀರು ನಿಲ್ಲುವ ತೆಂಗಿನ ಸುಳಿಗೆ ಕೊಳೆ ತಗುಲುವುದುಂಟು. ಅಲ್ಲಿಗೆ ಹಾಕುವುದು ಮದ್ದಿನ ಗಟ್ಟಿ ರೂಪ: 100 ಗ್ರಾಂ ಮೈಲುತುತ್ತ ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣ ಇನ್ನರ್ಧ ಲೀಟರಿನಲ್ಲಿ, ಎರಡೂ ಕೂಡಿದ ಬೋರ್ಡೋ ಮುಲಾಮು. ಕೊಳೆತ ಭಾಗವನ್ನು ಕೆತ್ತಿ ತೆಗೆದು, ಅದನ್ನು ಹಚ್ಚಿ, ಹೊಸ ಸುಳಿ ಬರುವ ತನಕ ಮಳೆನೀರು ಇಳಿಯದಂತೆ ಮುಚ್ಚುತ್ತಾರೆ. ಕಬ್ಬಿಣದ ಪಾತ್ರೆಯಲ್ಲಿ ಇದನ್ನು ಕಲಸುವುದಿಲ್ಲ. ಕಲಸಿದ ಮೇಲೆ ಕುಡುಗೋಲಿನ ಅಲಗನ್ನು ಅದ್ದಿ ನೋಡುತ್ತಾರೆ. ಅಲಗಿಗೆ ಕೆಂಪು ತಾಮ್ರ ಕೂತರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು.